ಅಲ್ಟ್ರಾ ಓಟ ಅರ್ಧಕ್ಕೆ ನಿಂತಿತು. ಈಗ ಏನನ್ನು ನೋಡಬೇಕು, ಏನನ್ನು ಬಿಡಬೇಕು?

ಕುಂದವಾಡ ಏರಿ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಕುಂದವಾಡ ಕೆರೆ ಏರಿ ಮೇಲೆ, ಭದ್ರಾ ನಾಲೆ ರಸ್ತೆಯಲ್ಲಿ ಓಡುವವರಿಗೆ ನನ್ನ ಮುಖ ಗೊತ್ತಿರಬಹುದು. ಈಚೆಗೆ ಮಲೆನಾಡಿನ ಕಾಫಿ ತೋಟಗಳ ನಡುವೆ 80 ಕಿಮೀ ಅಲ್ಟ್ರಾ ಓಟಕ್ಕೆ (ಮ್ಯಾರಥಾನ್‌ಗಿಂತ ಉದ್ದದ ಓಟ) ಹೋಗಿದ್ದೆ. 60 ಕಿಮೀ ಸಮೀಪದ ಏಡ್ ಸ್ಟೇಷನ್ (ನೀರು, ಊಟ ಕೊಡುವ ಜಾಗ) ಮುಟ್ಟುವಷ್ಟರಲ್ಲಿ ಕಟ್ ಆಫ್, ಅಂದರೆ ಅಲ್ಲಿಗೆ ಬರಲು ಕೊಟ್ಟ ಸಮಯ, ಮುಗಿದಿತ್ತು. ಎದೆಯ ಮೇಲಿನ ನಂಬರ್ ಚೀಟಿ, ಬಿಬ್, ತೆಗೆಸಿಕೊಂಡರು, ಜೀಪಿನಲ್ಲಿ ಕೂರಿಸಿದರು. ಅವರ ಮೇಲೆ ಒಂಚೂರೂ ಬೇಸರವಿಲ್ಲ. ನಿಯಮ ಎಲ್ಲರಿಗೂ ಒಂದೇ.

ಬೇಸರ ಇರುವುದು ಬೇರೆ ಕಡೆ. ಫಲಿತಾಂಶದ ಪಟ್ಟಿಯಲ್ಲಿ ಹೆಸರಿನ ಎದುರು ಡಿಎನ್‌ಎಫ್ (ಡಿಡ್ ನಾಟ್ ಫಿನಿಶ್, ಓಟ ಮುಗಿಸಲಿಲ್ಲ) ಅಂತ ಇದೆ. ಆಫೀಸಿನಲ್ಲಿ, ಓಣಿಯಲ್ಲಿ, ಮದುವೆ ಮನೆಯಲ್ಲಿ ಸಿಕ್ಕವರೆಲ್ಲ 'ಮೆಡಲ್ ತೋರಿಸು' ಅನ್ನುತ್ತಾರೆ. ಪೂರ್ತಿ ಆಗಲಿಲ್ಲ ಅಂದರೆ 'ಅಯ್ಯೋ ಪಾಪ' ಅನ್ನುತ್ತಾರೆ. ಆ 'ಪಾಪ' ಕೇಳಲು ಆಗುತ್ತಿಲ್ಲ. ಬೆಳಗ್ಗೆ ಎಚ್ಚರವೇನೋ ಆಗುತ್ತದೆ, ಶೂ ಕಟ್ಟಲು ಮನಸ್ಸು ಬರುತ್ತಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ಹೇಗೆ ಎದ್ದಿರಿ? 'ಸೋಲಿನಿಂದ ಕಲಿ' ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಲಿಯುವುದು ಅಂದರೆ ಕೂತು ಏನನ್ನು ನೋಡಬೇಕು? ಇನ್ನೊಂದು ವಿಷಯ. ಒಂದೂವರೆ ತಿಂಗಳಲ್ಲಿ ಬೇರೆ ಕಡೆ ಇದೇ ದೂರದ ಓಟ ಇದೆ. ಹೆಸರು ಕೊಟ್ಟುಬಿಡಲಾ?

ನೀಲಿ ಶೂ:
60 ಕಿಮೀ ಅಂದರೆ ಹೆಚ್ಚುಕಡಿಮೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಕಾಲಲ್ಲಿ ಹೋದಂತೆ. ಅದೂ ಗುಡ್ಡ ಹತ್ತಿ ಇಳಿದು. 'ಮೆಡಲ್ ಎಲ್ಲಿ' ಅಂದವರಿಗೆ ಇದನ್ನೇ ಹೇಳಿ. ನಮ್ಮ ಊರಿನವರಿಗೆ ಕಿಮೀ ಅರ್ಥವಾಗದಿದ್ದರೂ ದುರ್ಗ ಎಷ್ಟು ದೂರ ಅಂತ ಚೆನ್ನಾಗಿ ಗೊತ್ತು.

ದುರ್ಗದ ಬಂಡೆ:
ಕೊನೇ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಹೆಸರು ಕೊಡಬೇಡಿ.

ಕಾರಣ ಹೇಳುತ್ತೇನೆ. ಈಗ ನಿಮಗೆ ಬೇಕಾಗಿರುವುದು ಆ ಮೂರಕ್ಷರ ಅಳಿಸುವುದು. ಆ ಸಿಟ್ಟಲ್ಲಿ ಓಡಿದರೆ ಮೊದಲ 20 ಕಿಮೀ ಜೋರಾಗಿ ಹೋಗುತ್ತದೆ, ಆಮೇಲೆ ಅದೇ ಜಾಗದಲ್ಲಿ ಅದೇ ಕಥೆ. 60 ಕಿಮೀ ಗುಡ್ಡದಲ್ಲಿ ಓಡಿದ ಕಾಲಿನ ಸ್ನಾಯು ನೋವು ಹೋದ ತಕ್ಷಣ ಪೂರ್ತಿ ಸರಿಯಾಗಿರುವುದಿಲ್ಲ. ಮೆಟ್ಟಿಲು ಇಳಿಯುವಾಗ ನೋವಿಲ್ಲ ಅಂದಮಾತ್ರಕ್ಕೆ ಒಳಗೆ ಎಲ್ಲ ರಿಪೇರಿ ಆಗಿದೆ ಅಂತ ಅಲ್ಲ. ಆರು ವಾರದಲ್ಲಿ ಎರಡು ವಾರ ಸುಧಾರಿಸಿಕೊಳ್ಳಲು, ಕೊನೇ ಎರಡು ವಾರ ಓಟದ ಮುಂಚೆ ಕಡಿಮೆ ಮಾಡಲು. ಉಳಿಯುವುದು ಎರಡು ವಾರ. ಎರಡು ವಾರದಲ್ಲಿ ಏನನ್ನು ಬದಲಾಯಿಸುತ್ತೀರಿ?

ಬಾತಿ ಗುಡ್ಡ:
ನಾನು ಒಪ್ಪುವುದಿಲ್ಲ ಅಣ್ಣ. ಕೆಲವರಿಗೆ ಬೇಗ ಇನ್ನೊಂದು ಓಟ ಓಡಿದರೇ ಸರಿಹೋಗುತ್ತದೆ. 80 ಬೇಡ, 25 ಅಥವಾ ಹಾಫ್ ಮ್ಯಾರಥಾನ್ (21 ಕಿಮೀ) ಓಡಲಿ. ಮನೆಯಲ್ಲಿ ಕೂತು ಕೊರಗುವುದಕ್ಕಿಂತ ಅದು ಒಳ್ಳೆಯದು.

ದುರ್ಗದ ಬಂಡೆ:
ಹಾಫ್ ಓಡಲಿ, ಬೇಡ ಅಂದವರು ಯಾರು? ಅದೇ ದೂರ, ಅದೇ ಸಿಟ್ಟು ಬೇಡ ಅಂದೆ.

ಗಾಳಿಗಿರಣಿ:
ಹೆಸರು ಕೊಡುವ ಮಾತು ಆಮೇಲೆ. ಮೊದಲು ಏನಾಯಿತು ಅಂತ ಗೊತ್ತಾಗಲಿ. ಡಿಎನ್‌ಎಫ್ ಅನ್ನುವುದು ಒಂದೇ ಅಲ್ಲ. ಸಮಯ ಮೀರಿ ನಿಲ್ಲಿಸಿದ್ದು ಬೇರೆ, ಡಾಕ್ಟರು ನಿಲ್ಲಿಸಿದ್ದು ಬೇರೆ, ನಾವೇ ಸಾಕು ಅಂತ ಕೂತದ್ದು ಬೇರೆ, ದಾರಿ ತಪ್ಪಿದ್ದು ಬೇರೆ. ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ನಿಮ್ಮದು ಸಮಯ. ಹಾಗಾದರೆ ಸಮಯ ಎಲ್ಲಿ ಹೋಯಿತು? ಓಟವನ್ನು ದಾಖಲಿಸಿದ ಗಡಿಯಾರದ ಫೈಲ್ ತೆಗೆಯಿರಿ. ಅದರಲ್ಲಿ ಒಟ್ಟು ಸಮಯ ಒಂದು, ಕಾಲು ಆಡಿದ ಸಮಯ ಇನ್ನೊಂದು. ಎರಡರ ನಡುವಿನ ವ್ಯತ್ಯಾಸ ಎಷ್ಟು? ಅದು ನಿಂತ ಸಮಯ. 80 ಕಿಮೀಗೆ 16 ಗಂಟೆ ಕಟ್ ಆಫ್ ಅಂತಿಟ್ಟುಕೊಳ್ಳಿ. ಸರಾಸರಿ ಕಿಲೋಮೀಟರಿಗೆ 12 ನಿಮಿಷ. ದಾರಿಯಲ್ಲಿ ಎಂಟು ಏಡ್ ಸ್ಟೇಷನ್ ಇದ್ದು, ಒಂದೊಂದರಲ್ಲಿ 12 ನಿಮಿಷ ಕೂತರೆ 96 ನಿಮಿಷ ಅಲ್ಲೇ ಹೋಯಿತು. ಅಂದರೆ ಎಂಟು ಕಿಮೀ ದೂರ ಕುರ್ಚಿಯಲ್ಲಿ ಕಳೆದಂತೆ. ಕಾಲಿನ ಬಲ ಹೆಚ್ಚಿಸಲು ತಿಂಗಳುಗಟ್ಟಲೆ ಬೇಕು, ಕುರ್ಚಿ ಬಿಡಲು ಒಂದು ನಿರ್ಧಾರ ಸಾಕು.

ಇವತ್ತೇ ಕೂತು ಬರೆಯಿರಿ. ಎಷ್ಟನೇ ಕಿಮೀಯಲ್ಲಿ ಏನು ತಿಂದಿರಿ, ಎಷ್ಟು ಕುಡಿದಿರಿ, ಯಾವಾಗ ಮೊದಲ ಸಲ ಬೇಜಾರಾಯಿತು, ಆಗ ಬಿಸಿಲೋ ಮಳೆಯೋ. ತಡ ಮಾಡಿದರೆ ನೆನಪು ತನಗೆ ಬೇಕಾದ ಹಾಗೆ ಕಥೆ ಕಟ್ಟಿಕೊಳ್ಳುತ್ತದೆ. ಆಮೇಲೆ ಮಳೆಯದೇ ತಪ್ಪು ಅಂತಲೋ, ನಾನೇ ಸರಿ ಇಲ್ಲ ಅಂತಲೋ ಆಗುತ್ತದೆ. ಎರಡೂ ಉಪಯೋಗಕ್ಕೆ ಬಾರದ ಮಾತು.

ಕುಂದವಾಡ ಏರಿ:
ಫೈಲ್ ತೆಗೆದು ನೋಡಿದೆ ಸರ್. ನಿಂತ ಸಮಯ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಅರ್ಧ ದಾರಿಯವರೆಗೆ ಒಂದೆರಡು ನಿಮಿಷ, ಆಮೇಲೆ ಪ್ರತಿ ಕಡೆಯೂ ಕಾಲು ಗಂಟೆ. ಇನ್ನೊಂದು ವಿಚಿತ್ರ. ಹತ್ತುವಾಗ ವೇಗ ಅಷ್ಟೇನೂ ಬಿದ್ದಿಲ್ಲ. ಇಳಿಯುವಾಗ ಬಿದ್ದಿದೆ. 45 ಕಿಮೀ ಆದ ಮೇಲೆ ಇಳಿಜಾರಿನಲ್ಲಿ ತೊಡೆಯ ಮುಂಭಾಗ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದೆ.

ಆ ಹೊತ್ತಿಗೆ ಹೊಟ್ಟೆ ತುಂಬಾ ನೀರು ತುಂಬಿದ ಹಾಗೆ ಅನ್ನಿಸುತ್ತಿತ್ತು. ಊಟ ನೋಡಿದರೆ ವಾಕರಿಕೆ. ಬೆರಳು ಊದಿ ಉಂಗುರ ಬಿಗಿಯಾಗಿತ್ತು. ಸುಸ್ತಿಗೆ ಹೀಗೆ ಆಗುತ್ತದೆ ಅಂತ ಇನ್ನಷ್ಟು ನೀರು ಕುಡಿದೆ.

ನರ್ಸಕ್ಕ:
ತಮ್ಮಾ, ಕೊನೇ ಎರಡು ಸಾಲು ಓದಿ ಎದೆ ಝಲ್ ಅಂತು. ಇದನ್ನು ಎಲ್ಲರೂ ಓದಲಿ ಅಂತ ಉದ್ದವಾಗಿ ಬರೆಯುತ್ತಿದ್ದೇನೆ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಓಟಗಾರ್ತಿ ಅಲ್ಲ.

ಬೆರಳು ಊದುವುದು, ಹೊಟ್ಟೆಯಲ್ಲಿ ನೀರು ಕುಲುಕುವುದು, ವಾಕರಿಕೆ, ತಲೆನೋವು ಇವೆಲ್ಲ ಒಟ್ಟಿಗೆ ಬಂದರೆ ರಕ್ತದಲ್ಲಿ ಸೋಡಿಯಂ ಇಳಿದಿರಬಹುದು ಅಂತ ಅನುಮಾನ ಪಡಬೇಕು. ಅದು ಸಾಮಾನ್ಯವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್ ಒಳಗೆ ಇರಬೇಕು. ಗಂಟೆಗಟ್ಟಲೆ ಬೆವರು ಹರಿಸುತ್ತಾ, ಬಾಯಾರಿಕೆ ಇಲ್ಲದಿದ್ದರೂ ಬರೀ ನೀರು ಕುಡಿಯುತ್ತಾ ಹೋದರೆ ರಕ್ತ ತೆಳುವಾಗುತ್ತದೆ. ಇದು ಎಲ್ಲೋ ಒಬ್ಬರಿಗೆ ಆಗುವ ವಿಷಯ ಅಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಅದು 42 ಕಿಮೀ ಓಟ. ಇಡೀ ದಿನ ಓಡುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು.

ಜೋರಾದರೆ ಮಾತು ತೊದಲುತ್ತದೆ, ಗೊಂದಲ ಶುರುವಾಗುತ್ತದೆ, ಫಿಟ್ಸ್ ಬರುತ್ತದೆ. ಪ್ರಾಣಕ್ಕೇ ಅಪಾಯ. ಆ ಏಡ್ ಸ್ಟೇಷನ್‌ನಲ್ಲಿ ನಿನ್ನನ್ನು ನಿಲ್ಲಿಸಿದ್ದು ಗಡಿಯಾರವೇ ಇರಬಹುದು. ಆದರೆ ನಿಂತದ್ದು ಒಳ್ಳೆಯದಾಯಿತು.

ಇನ್ನೊಂದು ಮಾತು. ನಮ್ಮ ಕಡೆ ಸುಸ್ತಾಗಿ ಬಿದ್ದವರನ್ನು ಕರೆತಂದು 'ಒಂದು ಗ್ಲೂಕೋಸ್ ಬಾಟಲಿ ಏರಿಸಿ' ಅಂತ ಒತ್ತಾಯ ಮಾಡುತ್ತಾರೆ. ಸೋಡಿಯಂ ಇಳಿದವರಿಗೆ ಆ ಬಾಟಲಿಯಿಂದ ಇನ್ನೂ ಕೆಡುತ್ತದೆ. 'ಓಟದಲ್ಲಿದ್ದರು, ತುಂಬಾ ನೀರು ಕುಡಿದಿದ್ದಾರೆ' ಅಂತ ಡಾಕ್ಟರಿಗೆ ಮೊದಲೇ ಹೇಳಿ. ರಕ್ತ ನೋಡಿ ಅವರು ನಿರ್ಧಾರ ಮಾಡುತ್ತಾರೆ.

ಕೆರೆ ಹಾದಿ:
ಅಕ್ಕ, ಹಾಗಾದರೆ ಓಆರ್‌ಎಸ್ ಕುಡಿದರೆ ಸಾಕಾ?

ನರ್ಸಕ್ಕ:
ಬರೀ ನೀರಿಗಿಂತ ಒಳ್ಳೆಯದು. ಒಂದು ಲೀಟರಿನ ಪುಡಿಯನ್ನು ಪೂರ್ತಿ ಒಂದು ಲೀಟರಿಗೇ ಹಾಕಬೇಕು. ಅರ್ಧ ಪೊಟ್ಟಣ ಹರಿದು ಅಂದಾಜಿಗೆ ಬೆರೆಸಬೇಡಿ. ಆದರೆ ಓಆರ್‌ಎಸ್ ಅಂತ ಲೀಟರ್‌ಗಟ್ಟಲೆ ಕುಡಿದರೂ ತಪ್ಪೇ. ಬಾಯಾರಿಕೆಗೆ ಕುಡಿಯಿರಿ, ಗಡಿಯಾರ ನೋಡಿ ಕುಡಿಯಬೇಡಿ.

ಗಾಳಿಗಿರಣಿ:
ಅಕ್ಕ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಒಂದು ಗಂಟೆ ಓಡುವ ಮುಂಚೆ ತೂಕ ನೋಡಿ. ಓಡಿ ಬಂದು ಬೆವರು ಒರೆಸಿಕೊಂಡು ಮತ್ತೆ ನೋಡಿ. ಎಷ್ಟು ಕಡಿಮೆಯಾಯಿತೋ ಅದಕ್ಕೆ ನಡುವೆ ಕುಡಿದ ನೀರು ಸೇರಿಸಿದರೆ ನಿಮ್ಮ ಒಂದು ಗಂಟೆಯ ಬೆವರು. ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಒಂದು ಲೆಕ್ಕ, ಮಲೆನಾಡಿನ ಮೋಡದಲ್ಲಿ ಬೇರೆ ಲೆಕ್ಕ. ಇಲ್ಲಿ ಕುಡಿದಷ್ಟೇ ಅಲ್ಲೂ ಕುಡಿದರೆ ಹೊಟ್ಟೆ ಕುಲುಕುವುದು ಸಹಜ. ದೊಡ್ಡ ಓಟದಲ್ಲಿ ತೂಕ ಸ್ವಲ್ಪ ಇಳಿಯಬೇಕು. ಏರಿದರೆ ಜಾಸ್ತಿ ಕುಡಿದಿದ್ದೀರಿ ಅಂತಲೇ ಅರ್ಥ.

ಜೋಗಿಮಟ್ಟಿ ಗಾಳಿ:
ಇಳಿಜಾರಿನ ವಿಷಯಕ್ಕೆ ಬರುತ್ತೇನೆ, ಅದು ನನಗೆ ಇಷ್ಟದ ವಿಷಯ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಬ್ರೇಕ್ ಹಿಡಿದ ಹಾಗೆ. ಸ್ನಾಯುವಿನ ಎಳೆಗಳಿಗೆ ಹತ್ತುವುದಕ್ಕಿಂತ ಅದರಿಂದಲೇ ಪೆಟ್ಟು ಜಾಸ್ತಿ. ಭದ್ರಾ ನಾಲೆ ರಸ್ತೆ ಚಪ್ಪಟೆ, ಕುಂದವಾಡ ಏರಿ ಚಪ್ಪಟೆ. ಅಲ್ಲಿ ಎಷ್ಟು ಕಿಮೀ ಓಡಿದರೂ ಕಾಲಿಗೆ ಈ ಪೆಟ್ಟಿನ ಪರಿಚಯ ಆಗುವುದಿಲ್ಲ. ಒಳ್ಳೇ ಸುದ್ದಿ ಏನೆಂದರೆ ಸ್ನಾಯು ಇದನ್ನು ಬೇಗ ಕಲಿಯುತ್ತದೆ. ಒಂದು ಸಲ ಚೆನ್ನಾಗಿ ಇಳಿದು ನೋವು ತಿಂದರೆ, ಮುಂದಿನ ಸಲ ಅದೇ ಇಳಿಜಾರು ಅಷ್ಟು ನೋಯಿಸುವುದಿಲ್ಲ. ಆ ಬಲ ಕೆಲವು ವಾರ ಉಳಿಯುತ್ತದೆ.

ಚಿತ್ರದುರ್ಗದಲ್ಲಿ ನಮಗೆ ಜೋಗಿಮಟ್ಟಿ ರಸ್ತೆ ಇದೆ. ಸುತ್ತಿ ಸುತ್ತಿ ಹತ್ತುವ ದಾರಿ, ಇಳಿಯಲು ಹೇಳಿ ಮಾಡಿಸಿದ ಹಾಗೆ. ದಾವಣಗೆರೆಯಿಂದ ಬಂದು ಹೋಗಬಹುದು. ಮೊದಲ ಸಲ ನಿಧಾನವಾಗಿ, ಚಿಕ್ಕ ಹೆಜ್ಜೆಯಲ್ಲಿ ಇಳಿಯಿರಿ. ಎರಡು ಮೂರು ದಿನ ನೋಯುತ್ತದೆ, ಅಷ್ಟೇ.

ಬಾತಿ ಗುಡ್ಡ:
ಕೋಟೆ ಮೆಟ್ಟಿಲು ಇದೆಯಲ್ಲ, ಅದೇ ಹತ್ತಿರ.

ಜೋಗಿಮಟ್ಟಿ ಗಾಳಿ:
ಕೋಟೆ ಬೇಡ ಅಣ್ಣ. ಪುರಾತತ್ವ ಇಲಾಖೆಯ ಜಾಗ, ಟಿಕೆಟ್ ಇದೆ, ಸಮಯ ಇದೆ. ಶಾಲೆ ಮಕ್ಕಳು ಸಾಲಾಗಿ ಬರುತ್ತಾರೆ, ಕಲ್ಲು ನುಣುಪು. ಏಳು ಸುತ್ತಿನ ಕೋಟೆ ನಿಧಾನವಾಗಿ ನೋಡಬೇಕಾದ್ದು. ಜೋಗಿಮಟ್ಟಿಗೂ ಒಂದು ಎಚ್ಚರಿಕೆ ಇದೆ. ಕಾಡು, ಅರಣ್ಯ ಇಲಾಖೆಯ ಗೇಟ್ ಇದೆ. ಕರಡಿ, ಚಿರತೆ ಇರುವ ಜಾಗ. ಕತ್ತಲಲ್ಲಿ ಒಬ್ಬರೇ ಹೋಗಬೇಡಿ, ಗೇಟಿನಲ್ಲಿ ಕೇಳಿ ಹೋಗಿ.

ಹರಿಹರದ ಮೇಷ್ಟ್ರು:
ಎಲ್ಲ ಓದಿದೆ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಅಪಾಯ ಇದ್ದ ಮೇಲೆ 80 ಕಿಮೀ ಯಾಕೆ ಓಡಬೇಕು? ಐದು ಕಿಮೀ ಓಡಿದರೂ ಆರೋಗ್ಯ ಚೆನ್ನಾಗಿರುತ್ತದೆ. ರಕ್ತ ತೆಳುವಾಗುವಷ್ಟು, ಜೀಪಿನಲ್ಲಿ ಬರುವಷ್ಟು ಓಡುವುದು ದೇಹಕ್ಕೆ ಮಾಡುವ ಅನ್ಯಾಯ ಅಲ್ವಾ?

ನೀಲಿ ಶೂ:
ಮೇಷ್ಟ್ರೇ, ಆರೋಗ್ಯಕ್ಕಾಗಿ ಯಾರೂ 80 ಓಡುವುದಿಲ್ಲ. ಅದಕ್ಕೆ ಐದು ಸಾಕು, ನೀವು ಹೇಳಿದ್ದು ಸರಿ. ನಮ್ಮ ಊರಿಂದ ಜನ ವರ್ಷವರ್ಷ ಕೊಟ್ಟೂರು ಜಾತ್ರೆಗೆ ನಡೆದು ಹೋಗುತ್ತಾರೆ. ಬಸ್ಸಿದೆ, ಕಾರಿದೆ. ಆದರೂ ರಾತ್ರಿಯಿಡೀ ನಡೆಯುತ್ತಾರೆ, ಕಾಲಲ್ಲಿ ಬೊಬ್ಬೆ ಎದ್ದರೂ ನಡೆಯುತ್ತಾರೆ. ಅವರನ್ನು ಯಾಕೆ ಅಂತ ನಾವು ಕೇಳುವುದಿಲ್ಲ.

ಹರಿಹರದ ಮೇಷ್ಟ್ರು:
ಅದು ಭಕ್ತಿ.

ನೀಲಿ ಶೂ:
ಇದೂ ಅದಕ್ಕೆ ತುಂಬಾ ದೂರ ಇಲ್ಲ ಅಂತ ನನ್ನ ಅನುಭವ.

ಕೆರೆ ಹಾದಿ:
ಕೊಟ್ಟೂರಿಗೆ ನಾನೂ ನಡೆದಿದ್ದೇನೆ. ದಾರಿಯುದ್ದಕ್ಕೂ ಹಳ್ಳಿಯವರು ಮಜ್ಜಿಗೆ, ಮಂಡಕ್ಕಿ, ಬಾಳೆಹಣ್ಣು ಇಟ್ಟುಕೊಂಡು ಕರೆದು ಕೊಡುತ್ತಾರೆ. ಅದಕ್ಕಿಂತ ಒಳ್ಳೇ ಏಡ್ ಸ್ಟೇಷನ್ ನಾನು ನೋಡಿಲ್ಲ. ನಡುವೆ ಕಾಲು ಸೋತವರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಅವರನ್ನು ಯಾರೂ 'ಪಾಪ' ಅನ್ನುವುದಿಲ್ಲ. ಮುಂದಿನ ವರ್ಷ ನಡೆದರಾಯಿತು ಅಂತಾರೆ.

ಮಾಗನೂರು ಹೆದ್ದಾರಿ:
ಈ ಕಟ್ ಆಫ್ ನಿಯಮವೇ ಕ್ರೂರ ಅನ್ನಿಸುತ್ತದೆ. ಅಮೆರಿಕದಲ್ಲಿ 60 ಗಂಟೆಯೊಳಗೆ ಮುಗಿಸಬೇಕಾದ ಬಾರ್ಕ್ಲಿ ಅನ್ನುವ ಕಾಡಿನ ಓಟ ಇದೆ. ಅದರಲ್ಲಿ 2017ರಲ್ಲಿ ಕೆನಡಾದ ಗ್ಯಾರಿ ರಾಬಿನ್ಸ್ 60 ಗಂಟೆ ಓಡಿ ಬರೀ ಆರು ಸೆಕೆಂಡ್ ತಡವಾಗಿ ಬಂದರು. ಡಿಎನ್‌ಎಫ್. ಆರು ಸೆಕೆಂಡ್ ಬಿಟ್ಟಿದ್ದರೆ ಏನಾಗುತ್ತಿತ್ತು?

ಗಾಳಿಗಿರಣಿ:
ಒಂದು ತಿದ್ದುಪಡಿ ಸರ್. ಆರು ಸೆಕೆಂಡ್ ತಡವಾದದ್ದು ನಿಜ. ಆದರೆ ಕೊನೇ ಭಾಗದಲ್ಲಿ ಮಂಜಿನಲ್ಲಿ ದಾರಿ ತಪ್ಪಿ, ಸುಮಾರು ಎರಡು ಮೈಲಿ ಬಿಟ್ಟುಹೋಗಿ, ಬೇರೆ ದಿಕ್ಕಿನಿಂದ ಬಂದಿದ್ದರು. ಆರು ಸೆಕೆಂಡ್ ಮೊದಲೇ ಬಂದಿದ್ದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದೇ ಓಟವನ್ನು 2024ರಲ್ಲಿ ಬ್ರಿಟನ್ನಿನ ಜಾಸ್ಮಿನ್ ಪ್ಯಾರಿಸ್ 99 ಸೆಕೆಂಡ್ ಉಳಿದಿರುವಾಗ ಮುಗಿಸಿದರು, ಮುಗಿಸಿದ ಮೊದಲ ಹೆಂಗಸು. ಅದಕ್ಕೂ ಮುಂಚೆ ಅವರೂ ಆ ಓಟವನ್ನು ಪೂರ್ತಿ ಮಾಡಲಾಗದೆ ಮರಳಿದ್ದರು. ಗಡಿ ಇಲ್ಲದಿದ್ದರೆ ಆ 99 ಸೆಕೆಂಡಿಗೆ ಏನು ಬೆಲೆ ಇರುತ್ತಿತ್ತು?

ಮಾಗನೂರು ಹೆದ್ದಾರಿ:
ದಾರಿ ತಪ್ಪಿದ್ದು ಗೊತ್ತಿರಲಿಲ್ಲ. ಸರಿ, ಆ ಮಾತು ವಾಪಸ್ ತಗೊಂಡೆ.

ಬಾತಿ ಗುಡ್ಡ:
ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ನೋಡಿ. 1921ರಿಂದ ನಡೆಯುತ್ತಿದೆ, ಸುಮಾರು 90 ಕಿಮೀ. ಸರಿಯಾಗಿ 12 ಗಂಟೆಗೆ ಒಬ್ಬರು ಓಟಗಾರರಿಗೆ ಬೆನ್ನು ಹಾಕಿ ನಿಂತು ಬಂದೂಕು ಹಾರಿಸುತ್ತಾರೆ. ಎದುರು ನಿಂತರೆ ಬರುವವರ ಮುಖ ನೋಡಿ ಕೈ ತಡೆಯಬಹುದು, ಅದಕ್ಕೆ ಬೆನ್ನು. ವೀಡಿಯೊ ನೋಡಿ ಕಣ್ಣಲ್ಲಿ ನೀರು ಬಂತು.

ದುರ್ಗದ ಬಂಡೆ:
ದೊಡ್ಡವರ ಮಾತು ಬಂದಿದ್ದರಿಂದ ಹೇಳುತ್ತೇನೆ. ಅಮೆರಿಕದ ಅಲ್ಟ್ರಾ ಓಟಗಾರ್ತಿ ಕರ್ಟ್ನಿ ಡೌವಾಲ್ಟರ್ 2012ರಲ್ಲಿ ಮೊದಲ ಸಲ 100 ಮೈಲಿ ಓಟಕ್ಕೆ ನಿಂತಾಗ 60 ಮೈಲಿ ಸುಮಾರಿಗೆ ಬಿಟ್ಟರು. 2023ರಲ್ಲಿ ವೆಸ್ಟರ್ನ್ ಸ್ಟೇಟ್ಸ್, ಹಾರ್ಡ್‌ರಾಕ್, ಯುಟಿಎಂಬಿ ಅನ್ನುವ 100 ಮೈಲಿ ಆಸುಪಾಸಿನ ಮೂರು ದೊಡ್ಡ ಓಟಗಳನ್ನೂ ಒಂದೇ ಬೇಸಿಗೆಯಲ್ಲಿ ಗೆದ್ದರು. ಅಮೆರಿಕದವರೇ ಆದ ಜಿಮ್ ವಾಮ್ಸ್ಲಿ 2016ರ ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ ಎಲ್ಲರಿಗಿಂತ ಮುಂದೆ ಇದ್ದು, 90 ಮೈಲಿ ದಾಟಿದ ಮೇಲೆ ತಿರುವು ತಪ್ಪಿಸಿಕೊಂಡು 20ನೆಯವರಾದರು. 2017ರಲ್ಲಿ 78 ಮೈಲಿಗೆ ಬಿಟ್ಟರು. 2018ರಲ್ಲಿ ದಾಖಲೆ ಮಾಡಿ ಗೆದ್ದರು. ನನಗೆ ಇದರಲ್ಲಿ ಹಿಡಿಸುವುದು ನಡುವಿನ ಆ ವರ್ಷ. 2016ರ ಸಿಟ್ಟು ಕಾಲಲ್ಲಿ ಇತ್ತೋ ಏನೋ, ಶುರುವಿನಿಂದಲೇ ಜೋರಾಗಿ ಓಡಿದ್ದರು. ನಾನು ಮೇಲೆ ಹೇಳಿದ್ದೂ ಅದೇ.

ಬಿಳಿ ಟೋಪಿ:
ದೊಡ್ಡವರ ಕಥೆಯಿಂದ ನನಗೆ ಸಮಾಧಾನ ಆಗುವುದಿಲ್ಲ. ಅವರು ಕೊನೆಗೆ ಗೆದ್ದರು, ಅದಕ್ಕೇ ಅವರ ಸೋಲು ನಮಗೆ ಗೊತ್ತು. ಮುಂದೆಂದೂ ಗೆಲ್ಲದ, ಬರೀ ಓಡುವ ನಮ್ಮಂಥವರ ಮಾತು ಆಡೋಣ.

ನಾನು ವಿದ್ಯಾನಗರದವಳು. ಬೆಳಗಿನ ಜಾವ ಒಬ್ಬಳೇ ಓಡಲು ಶುರು ಮಾಡಿದಾಗ ಮನೆಯಲ್ಲಿ ಎಷ್ಟು ಮಾತು ಬಂತು ಅಂತ ಇಲ್ಲಿರುವ ಹೆಣ್ಣುಮಕ್ಕಳಿಗೆ ಗೊತ್ತು. ನಾಯಿ, ಕತ್ತಲು, ನೋಡುವವರ ಕಣ್ಣು. ಹಾಗಿದ್ದು 50 ಕಿಮೀ ಓಟಕ್ಕೆ ಹೋದೆ. ಮೊಣಕಾಲಿನ ಹೊರಬದಿ ಹಿಡಿದುಕೊಂಡಿತು. ಕಟ್ ಆಫ್‌ಗೆ ಇನ್ನೂ ಸಮಯ ಇತ್ತು. ನಾನೇ ಹೋಗಿ ಬಿಬ್ ಕೊಟ್ಟೆ. ಯಾರೂ ನಿಲ್ಲಿಸಲಿಲ್ಲ, ನಾನೇ ನಿಂತೆ. ಇದು ಜಾಸ್ತಿ ನೋಯುತ್ತದೆ. 'ಇನ್ನೊಂದು ಕಿಮೀ ಹೋಗಬಹುದಿತ್ತಾ' ಅನ್ನುವ ಪ್ರಶ್ನೆಗೆ ಕೊನೆ ಇಲ್ಲ. ಕಟ್ ಆಫ್ ಆದವರಿಗೆ ಆ ಪ್ರಶ್ನೆ ಇಲ್ಲ, ಗಡಿಯಾರ ಉತ್ತರ ಕೊಟ್ಟಿರುತ್ತದೆ.

ಆದರೆ ಆಮೇಲೆ ಫಿಸಿಯೋ ಹತ್ತಿರ ಹೋದೆ. ಅವರು 'ಮುಂದುವರಿಸಿದ್ದರೆ ತುಂಬಾ ದಿನ ಕಾಲು ಎಳೆಯಬೇಕಿತ್ತು' ಅಂದರು. ಈಗ ಓಡುತ್ತಿದ್ದೇನೆ. ಅದೇ ದೊಡ್ಡದು ನನಗೆ.

ಬಾತಿ ಗುಡ್ಡ:
ಓಟದ ನಡುವೆ ಬಿಟ್ಟುಬಿಡೋಣ ಅನ್ನಿಸಿದಾಗ ನನ್ನದೊಂದು ನಿಯಮ ಇದೆ. ಕುರ್ಚಿಯಲ್ಲಿ ಕೂತು ನಿರ್ಧಾರ ಮಾಡಬಾರದು. ತಿನ್ನಬೇಕು, ಕುಡಿಯಬೇಕು, ಎದ್ದು ಮುಂದಿನ ಏಡ್ ಸ್ಟೇಷನ್‌ವರೆಗೆ ನಡೆಯಬೇಕು. ಅಲ್ಲಿ ಹೋಗಿ ಯೋಚನೆ. ಅಲ್ಲಿಗೆ ಹೋಗುವಷ್ಟರಲ್ಲಿ ಅರ್ಧ ಜನರಿಗೆ ಮನಸ್ಸು ಬದಲಾಗಿರುತ್ತದೆ.

ನರ್ಸಕ್ಕ:
ಈ ನಿಯಮ ಕೇಳಲು ಚೆನ್ನಾಗಿದೆ, ಆದರೆ ಇದರಿಂದಲೇ ಜನ ಸಾಯುತ್ತಾರೆ. ಬೇಜಾರು, ಸುಸ್ತು, ಕಾಲುನೋವಿಗೆ ಸರಿ. ಆದರೆ ಮಾತು ತೊದಲುತ್ತಿದ್ದರೆ, ಎದೆ ನೋಯುತ್ತಿದ್ದರೆ, ಬಿಸಿಲಲ್ಲಿ ಚಳಿ ಆಗುತ್ತಿದ್ದರೆ, ಕುಡಿದದ್ದೆಲ್ಲ ವಾಂತಿ ಆಗುತ್ತಿದ್ದರೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ನಿಲ್ಲಬೇಕು. ಕೋಲಾ ಬಣ್ಣ ಅಂದರೆ ಸ್ನಾಯು ಒಡೆದು ಅದರ ಕಸ ಕಿಡ್ನಿಗೆ ಹೋಗುತ್ತಿದೆ ಅಂತ. ಮುಂದಿನ ಏಡ್ ಸ್ಟೇಷನ್ ಕಾಡಿನೊಳಗೆ ಏಳೆಂಟು ಕಿಮೀ ದೂರ ಇದ್ದರೆ ನಡುವೆ ಬಿದ್ದವರನ್ನು ಹೊತ್ತು ತರುವವರು ಯಾರು?

ಇನ್ನೊಂದು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿ ಓಡಬೇಡಿ. ಬೆವರಿ ಬತ್ತಿದ ದೇಹದಲ್ಲಿ ಅದು ಕಿಡ್ನಿಗೆ ಹೊರೆ. ನೋವು ಮುಚ್ಚಿದರೆ ಎಲ್ಲಿ ಪೆಟ್ಟಾಗಿದೆ ಅಂತಲೂ ಗೊತ್ತಾಗುವುದಿಲ್ಲ.

ಬಾತಿ ಗುಡ್ಡ:
ಅಕ್ಕ, ಅದನ್ನೆಲ್ಲ ನಾನು ಬೇಡ ಅಂದಿಲ್ಲ. ಬರೀ ಮನಸ್ಸು ಸೋತಾಗ ಅಂದೆ.

ನರ್ಸಕ್ಕ:
ಸೋತದ್ದು ಮನಸ್ಸೋ ದೇಹವೋ ಅಂತ ಆ ಹೊತ್ತಿನಲ್ಲಿ ಅವರಿಗೇ ಗೊತ್ತಾಗುವುದಿಲ್ಲ ತಮ್ಮಾ. ಸೋಡಿಯಂ ಇಳಿದವರು 'ನನಗೇನೂ ಆಗಿಲ್ಲ' ಅಂತಲೇ ಹೇಳುತ್ತಾರೆ. ಅದಕ್ಕೇ ಜೊತೆಗಾರರು ಬೇಕು. ಹೆಸರು ಕೇಳಿ, ಊರು ಕೇಳಿ, ಇವತ್ತು ಯಾವ ವಾರ ಕೇಳಿ. ತಡವರಿಸಿದರೆ ಕೂರಿಸಿ.

ಬಾತಿ ಗುಡ್ಡ:
ಇದು ಒಪ್ಪಿದೆ. ನನ್ನ ನಿಯಮಕ್ಕೆ ಇದನ್ನು ಮೊದಲ ಸಾಲಾಗಿ ಸೇರಿಸುತ್ತೇನೆ.

ಕಾಯುವವನು:
ನಾನು ಓಡುವವನಲ್ಲ. ನನ್ನ ಅಣ್ಣ ಓಡುತ್ತಾನೆ. ನಾನು ಚೀಲ ಹಿಡಿದು, ಒಣಗಿದ ಸಾಕ್ಸ್, ಮೊಸರನ್ನ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ ಇಟ್ಟುಕೊಂಡು ಕಾಯುವವನು. ಈ ಕಡೆಯಿಂದಲೂ ಯಾರಾದರೂ ಹೇಳಬೇಕು ಅನ್ನಿಸಿತು.

ಒಂದು ಓಟದಲ್ಲಿ ಅಣ್ಣ ಬರಬೇಕಾದ ಸಮಯ ದಾಟಿತು. ಕತ್ತಲಾಯಿತು, ಮಳೆ ಬಂತು, ಫೋನಿಗೆ ಸಿಗ್ನಲ್ ಇಲ್ಲ. ಕಾಡಿನ ಕಡೆಯಿಂದ ತಲೆ ದೀಪ ಕಂಡಾಗಲೆಲ್ಲ ಎದ್ದು ನಿಲ್ಲುವುದು, ಅವನಲ್ಲ ಅಂತ ಮತ್ತೆ ಕೂರುವುದು. ಕೊನೆಗೆ ಜೀಪಿನಲ್ಲಿ ಬಂದ. ಕಂಬಳಿ ಹೊದ್ದು ಕೂತಿದ್ದ. ನನಗೆ ಎಷ್ಟು ಸಂತೋಷ ಆಯಿತು ಅಂತ ಹೇಳಲು ಆಗುವುದಿಲ್ಲ. ಅವನು ಮಾತ್ರ ಊರು ಮುಟ್ಟುವವರೆಗೆ 'ಸಾರಿ ಕಣೋ, ನಿನ್ನ ರಜೆ ಹಾಳು ಮಾಡಿದೆ' ಅನ್ನುತ್ತಲೇ ಇದ್ದ. ಅತ್ತಿಗೆಗೆ ಫೋನ್ ಮಾಡಿ ಅಲ್ಲೂ ಸಾರಿ.

ನಿಮಗಾಗಿ ಕಾದವರ ಹತ್ತಿರ ಕ್ಷಮೆ ಕೇಳಬೇಡಿ. ನಮಗೆ ಮೆಡಲ್ ಬೇಕಿರಲಿಲ್ಲ. ಊಟ ಮಾಡಿ, ಮಲಗಿ. ಎದ್ದ ಮೇಲೆ ದಾರಿಯಲ್ಲಿ ಏನೇನು ನೋಡಿದಿರಿ ಅಂತ ಹೇಳಿ. ನಾವು ರಸ್ತೆ ಬದಿಯಲ್ಲೇ ಇರುತ್ತೇವೆ, ಆ ಕಾಡು ನಮಗೆ ಕಾಣಿಸುವುದಿಲ್ಲ.

ಬಿಳಿ ಟೋಪಿ:
ಇದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. 'ಇದೇ ಮಾತು ನಾನು ಆವತ್ತು ಹೇಳಬೇಕಿತ್ತು' ಅಂದರು.

ಕುಂದವಾಡ ಏರಿ:
ನಾನೂ ಮನೆಯಲ್ಲಿ ಸಾರಿ ಅನ್ನುತ್ತಲೇ ಇದ್ದೆ ಸರ್. ಇವತ್ತು ಹೆಂಡತಿಗೆ ಆ ಮಂಜು, ಆ ತೋಟದ ದಾರಿ, ಕೂಲಿ ಲೈನಿನ ಮಕ್ಕಳು ಕೈ ಬೀಸಿದ್ದು ಎಲ್ಲ ಹೇಳಿದೆ. ಓಟ ಆದ ಮೇಲೆ ಇದೇ ಮೊದಲ ಸಲ ಆ ದಿನದ ಬಗ್ಗೆ ನೋವಿಲ್ಲದೆ ಮಾತಾಡಿದ್ದು.

ಕೆರೆ ಹಾದಿ:
ಸರ್, ಒಂದು ಪ್ರಶ್ನೆ. ಆ ಓಟದ ಟೀ ಶರ್ಟ್ ಹಾಕಿಕೊಳ್ಳುತ್ತೀರಾ? ನನ್ನ ಹತ್ತಿರ ಒಂದಿದೆ, ಬೀರುವಿನಿಂದ ತೆಗೆದಿಲ್ಲ.

ಮಾಗನೂರು ಹೆದ್ದಾರಿ:
ಹಾಕಬಾರದು. ಪೂರ್ತಿ ಮಾಡಿದವರದ್ದು ಅದು.

ನೀಲಿ ಶೂ:
ಬಿಬ್ ಜೊತೆ ಮೊದಲೇ ಕೊಟ್ಟಿದ್ದರೆ ಹಾಕಬಹುದು. 'ಫಿನಿಷರ್' ಅಂತ ಬರೆದಿದ್ದರೆ ಮಾತ್ರ ಬೇಡ.

ಮಾಗನೂರು ಹೆದ್ದಾರಿ:
ನೋಡುವವರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲವಲ್ಲ. ಮುಗಿಸಿದ್ದಾರೆ ಅಂತಲೇ ಅಂದುಕೊಳ್ಳುತ್ತಾರೆ.

ಬಿಳಿ ಟೋಪಿ:
ನೋಡುವವರಿಗಾಗಿ ಹಾಕಿದರೆ ಆ ಮಾತು. ನಾನು ಹಾಕುತ್ತೇನೆ. ಆ ಬೆಟ್ಟದಲ್ಲಿ ನಾನಿದ್ದೆ. ಕೇಳಿದವರಿಗೆ 'ಪೂರ್ತಿ ಆಗಲಿಲ್ಲ' ಅಂತ ನೇರ ಹೇಳುತ್ತೇನೆ.

ಹರಿಹರದ ಮೇಷ್ಟ್ರು:
ಈ ಹುಡುಗಿ ಹೇಳಿದ್ದು ನನಗೆ ಹಿಡಿಸಿತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು 'ಮಾಡಿದಷ್ಟು ನೀಡು ಭಿಕ್ಷೆ' ಅಂದರು. ನಮ್ಮ ಜಿಲ್ಲೆಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. 60 ಓಡಿದವರಿಗೆ 60ರ ಫಲ ಇದ್ದೇ ಇದೆ. 80ರದ್ದು ಕೇಳಬಾರದು, 60ರದ್ದು ಬಿಡಲೂಬಾರದು. ನಾನು ಈಗಲೂ ಅಷ್ಟು ದೂರ ಓಡಬೇಡಿ ಅಂತಲೇ ಹೇಳುತ್ತೇನೆ, ಅದು ಬೇರೆ ಮಾತು.

ಜೋಗಿಮಟ್ಟಿ ಗಾಳಿ:
ಮೇಷ್ಟ್ರೇ, ನೀವು ಒಂದು ಸಲ ಬನ್ನಿ. ಓಡುವುದು ಬೇಡ, ಮೇಲಿನವರೆಗೆ ನಡೆಯೋಣ. ದುರ್ಗದ ಗಾಳಿಗಿರಣಿಗಳೆಲ್ಲ ಕಾಣಿಸುತ್ತವೆ.

ಗಾಳಿಗಿರಣಿ:
ಊಟದ ಮಾತು ಬಿಟ್ಟೇಹೋಯಿತು. ನಿಂತ ಸಮಯ ಅರ್ಧ ದಾರಿ ಆದ ಮೇಲೆ ಜಾಸ್ತಿಯಾಗಿದೆ ಅಂದಿರಿ. ಊಟ ನಿಂತದ್ದೂ ಅಲ್ಲೇ. ಎರಡೂ ಒಂದೇ ಸಮಸ್ಯೆ. ಉದ್ದದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 27 ಗ್ರಾಂ ಹತ್ತಿರ ಇರುತ್ತದೆ. ಹಸಿವಾದಾಗ ತಿನ್ನೋಣ ಅಂದರೆ ತಡ. ಹೊಟ್ಟೆಗೂ ಅಭ್ಯಾಸ ಬೇಕು. ಭಾನುವಾರದ ಉದ್ದ ಓಟದಲ್ಲೇ ಖರ್ಜೂರ, ಕಡ್ಲೆ ಮಿಠಾಯಿ, ಬೆಲ್ಲ, ಆಲೂಗಡ್ಡೆ ಯಾವುದು ಒಗ್ಗುತ್ತದೆ ಅಂತ ನೋಡಿಕೊಳ್ಳಿ. ಕಡ್ಲೆಯಲ್ಲಿ ಕೊಬ್ಬು ಜಾಸ್ತಿ, ನಿಧಾನಕ್ಕೆ ಅರಗುತ್ತದೆ. ಹತ್ತುವ ಮುಂಚೆ ಬೇಡ.

ಮಾಗನೂರು ಹೆದ್ದಾರಿ:
ಬೆಣ್ಣೆ ದೋಸೆ?

ಗಾಳಿಗಿರಣಿ:
ಓಟ ಮುಗಿದ ಮೇಲೆ ಎಷ್ಟು ಬೇಕಾದರೂ.

ಕುಂದವಾಡ ಏರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬರೆದಿಟ್ಟುಕೊಂಡದ್ದು ಇದು. ಆರು ವಾರದ ಓಟಕ್ಕೆ ಹೆಸರು ಕೊಡುತ್ತಿಲ್ಲ. ಬದಲಿಗೆ ಅಲ್ಲಿ ಏಡ್ ಸ್ಟೇಷನ್‌ನಲ್ಲಿ ಸ್ವಯಂಸೇವಕನಾಗಿ ನಿಲ್ಲಲು ಕೇಳಿದ್ದೇನೆ. ರಕ್ತ ಪರೀಕ್ಷೆ ಮಾಡಿಸಿದೆ ಅಕ್ಕ, ಈಗ ಎಲ್ಲ ಸರಿ ಇದೆ. ತಿಂಗಳಿಗೆ ಒಂದೆರಡು ಭಾನುವಾರ ಜೋಗಿಮಟ್ಟಿಗೆ ಬರುತ್ತೇನೆ, ಇಳಿಯುವುದನ್ನು ಕಲಿಯಲು. ಆ 80 ಕಿಮೀ ಮತ್ತೆ ಓಡುತ್ತೇನೆ. ಯಾವಾಗ ಅಂತ ಈಗ ಹೇಳುವುದಿಲ್ಲ.

ದುರ್ಗದ ಬಂಡೆ:
ಸ್ವಯಂಸೇವೆ ಒಳ್ಳೇ ಯೋಚನೆ. 60 ಕಿಮೀ ಆಸುಪಾಸಿನ ಟೇಬಲ್ ಕೇಳಿ ಪಡೆಯಿರಿ. ಬರುವವರು ಹೇಗೆ ಬರುತ್ತಾರೆ, ಯಾರು ಎಷ್ಟು ಹೊತ್ತು ಕೂರುತ್ತಾರೆ, ಬೇಗ ಎದ್ದವರು ಏನು ತಿಂದು ಎದ್ದರು ಅಂತ ಅಲ್ಲಿ ಕಾಣಿಸುತ್ತದೆ.

ನರ್ಸಕ್ಕ:
ಅವರ ಉಂಗುರ, ಗಡಿಯಾರದ ಪಟ್ಟಿ ಬಿಗಿಯಾಗಿದೆಯಾ ಅಂತಲೂ ನೋಡು. ನೀನು ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಕೆರೆ ಹಾದಿ:
ಈ ಭಾನುವಾರ ಜೋಗಿಮಟ್ಟಿಗೆ ಯಾರು ಯಾರು? ನಾನು ತುಂಬಾ ನಿಧಾನ, ಹತ್ತುವಾಗ ಪೂರ್ತಿ ನಡೆಯುತ್ತೇನೆ. ಬರಬಹುದಾ?

ಜೋಗಿಮಟ್ಟಿ ಗಾಳಿ:
ಬನ್ನಿ. ಹತ್ತುವಾಗ ನಾವೂ ನಡೆಯುತ್ತೇವೆ. ಬೆಳಕು ಹರಿದ ಮೇಲೆ ಗೇಟಿನ ಹತ್ತಿರ ಸೇರೋಣ. ನೀರು ನೀವೇ ತನ್ನಿ, ಮೇಲೆ ಅಂಗಡಿ ಇದೆ ಅಂತ ನಂಬಿಕೊಂಡು ಬರಬೇಡಿ. ಪ್ಲಾಸ್ಟಿಕ್ ಒಂದೂ ಅಲ್ಲಿ ಬಿಡುವ ಹಾಗಿಲ್ಲ.

ಬಿಳಿ ಟೋಪಿ:
ದಾವಣಗೆರೆಯಿಂದ ನನ್ನ ಕಾರಿನಲ್ಲಿ ಇಬ್ಬರಿಗೆ ಜಾಗ ಇದೆ. ಹೆಣ್ಣುಮಕ್ಕಳು ಯಾರಾದರೂ ಬರುವುದಿದ್ದರೆ ಮೊದಲು ಅವರಿಗೆ. ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.